ಎರಡು ತಟ್ಟೆ ರೇಷ್ಮೆಹುಳು

ನಮ್ಮ ತಾಯಲೂರಿನ ಕಡೆ ಮನೆಮನೆಯಲ್ಲೂ ರೇಷ್ಮೆಹುಳು ಸಾಕುತ್ತಿದ್ದ ಕಾಲ ಅದು. ಹುಳು ಸೊಪ್ಪು ಮೇಯುವ ಸರಸರ ಸದ್ದು, ಹಸಿ ಹಿಪ್ಪುನೇರಳೆಯ ವಾಸನೆ, ಅದರ ನಡುವೆಯೇ ನಮ್ಮ ಮುದ್ದೆ, ಹುರುಳಿ ಸಾರು, ನಿದ್ದೆ. ಹುಳು ದೊಡ್ಡದಾದ ಮೇಲೆ ಅಂಗಳದ ತುಂಬ ಸೊಪ್ಪಿನ ರಾಶಿ ಬಿದ್ದು ನಮ್ಮ ಕುಂಟೆಬಿಲ್ಲೆ ಆಟವೂ ಬಂದ್.

ನಾನಾಗ ಒಂಬತ್ತನೇ ಕ್ಲಾಸಿನ ಹುಡುಗಿ. ಗಣಿತದ ಮೇಷ್ಟ್ರು ಶನಿವಾರದ ಕೊನೆ ಪೀರಿಯಡ್‌ನಲ್ಲಿ ಲೆಕ್ಕ ಬಿಟ್ಟು ವಾದಗಳಲ್ಲಿ ತಪ್ಪು ಹುಡುಕಿಸುತ್ತಿದ್ದರು. "ಮುಳಬಾಗಲು ಬಸ್ ಬಂತು, ಆಮೇಲೆ ಸ್ಕೂಲ್ ಬೆಲ್ ಹೊಡೀತು. ಬಸ್ಸೇನ್ರೋ ಬೆಲ್ ಹೊಡೆಸಿದ್ದು?" ಎಂದು ಅವರು ಕೇಳಿದರೆ ನಾವೆಲ್ಲ ನಗುತ್ತಿದ್ದೆವು.

ಆ ವರ್ಷ ಅಣ್ಣನಿಗೆ ಮದುವೆಯಾಗಿ ಕ್ಯಾಲನೂರಿನಿಂದ ಅತ್ತಿಗೆ ಬಂದರು. ಅವರು ಮೊದಲ ಸಲ ಹುಳುಮನೆಗೆ, ಅಂದರೆ ತಟ್ಟೆಗಳಿದ್ದ ಒಳಕೋಣೆಗೆ, ಹೋಗಿ ಸೊಪ್ಪು ಹಾಕಿದ ಮರುದಿನವೇ ಹುಳುಗಳು ಹಸಿರು ಕಕ್ಕಿ ಸಾಯತೊಡಗಿದವು.

"ಇವಳ ಕಾಲ್ಗುಣ ಕಣೋ. ಈ ಬೆಳೆ ಮುಗಿಯೋಗಂಟ ತವರಲ್ಲಿರಲಿ" ಎಂದು ಅಜ್ಜಿ ಅಣ್ಣನಿಗೆ ಹೇಳಿಬಿಟ್ಟಳು. ಅಣ್ಣ ತಲೆ ತಗ್ಗಿಸಿದ. ಅತ್ತಿಗೆ ಕೈಯಲ್ಲಿದ್ದ ಸೊಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು.

ನನಗೆ ಮೈಯೆಲ್ಲ ಉರಿಯಿತು. ಹಿಂದಿನ ದಿನ ಪಕ್ಕದ ತೋಟದವರು ಟೊಮೆಟೊಗೆ ಔಷಧಿ ಹೊಡೆದಿದ್ದರು, ಗಾಳಿ ನಮ್ಮ ಹಿಪ್ಪುನೇರಳೆ ತೋಟದ ಕಡೆಗಿತ್ತು. ಉಳಿದ ಹುಳುಗಳಲ್ಲಿ ಚೆನ್ನಾಗಿದ್ದವನ್ನು ಎರಡು ತಟ್ಟೆಗೆ ಹಾಕಿದೆ. ಒಂದಕ್ಕೆ ಟೊಮೆಟೊ ಕಡೆಯ ಸೊಪ್ಪು, ಇನ್ನೊಂದಕ್ಕೆ ಬಾವಿ ಕಡೆಯದು. ಎರಡಕ್ಕೂ ಅತ್ತಿಗೆಯ ಕೈಯಿಂದಲೇ ಹಾಕಿಸಿದೆ. ಬೆಳಗಾಗುವಷ್ಟರಲ್ಲಿ ಟೊಮೆಟೊ ಕಡೆಯ ಸೊಪ್ಪು ತಿಂದ ತಟ್ಟೆ ಸತ್ತಿತ್ತು, ಇನ್ನೊಂದು ಮೇಯುತ್ತಿತ್ತು. ಗೆದ್ದೆ ಅಂದುಕೊಂಡು ಅಜ್ಜಿಯನ್ನು ಎಳೆದು ತಂದೆ.

ಅಜ್ಜಿ ಎರಡನ್ನೂ ನೋಡಿದಳು. "ಸೊಪ್ಪಲ್ಲಿ ಔಷಧಿ ಇತ್ತು, ಒಪ್ಕೊಂಡೆ. ಆ ತೋಟದೋರಿಗೆ ಅವತ್ತೇ ಹೊಡೆಯೋ ಬುದ್ಧಿ ಬಂದಿದ್ದು ಯಾರ ಕಾಲ್ಗುಣದಿಂದ?"

ನಾನು ಬಾಯಿ ತೆರೆದೆ. "ಊರ್ಕೋವೇ!" ಎಂದು ತೆಲುಗಿನಲ್ಲಿ ಗದರಿ ಬಾಯಿ ಮುಚ್ಚಿಸಿದಳು.

ಅತ್ತಿಗೆಯನ್ನು ಬಸ್ಸಿಗೆ ಬಿಡಲು ನಾನೇ ಹೋದೆ. "ನೀನು ಸರಿಯಾಗೇ ತೋರಿಸ್ದೆ ಬಿಡು. ನಂದೇನೂ ತಪ್ಪಿಲ್ಲ ಅಂತ ಗೊತ್ತಾದ್ಮೇಲೆ ಹೋಗೋದು ಇನ್ನೂ ಕಷ್ಟ ಕಣೇ" ಎಂದರು. ಬೆಳೆ ಮುಗಿದ ಮೇಲೆ ಮರಳಿ ಬಂದರೂ ಅವರು ಮತ್ತೆ ಹುಳುಮನೆ ತುಳಿಯಲಿಲ್ಲ.

ಸ್ಕೂಲಿನಲ್ಲಿ ಮೇಷ್ಟ್ರಿಗೆ ಎಲ್ಲ ಹೇಳಿದೆ. "ಏನು ತೋರಿಸಿದ್ರೂ ತಾನೇ ಗೆಲ್ಲೋ ವಾದ ವಾದವೇ ಅಲ್ಲಮ್ಮ" ಎಂದರು. "ಹಾಗಂದ್ರೆ ಅಜ್ಜಿ ಒಪ್ತಾಳಾ ಸಾರ್?" ಅವರು ಡಸ್ಟರ್ ತೆಗೆದುಕೊಂಡು ಬೋರ್ಡ್ ಒರೆಸತೊಡಗಿದರು.

ಈಗ ನಾನು ಕೋಲಾರದಲ್ಲಿ ಅದೇ ವಯಸ್ಸಿನ ಮಕ್ಕಳಿಗೆ ಪಾಠ ಹೇಳುತ್ತೇನೆ. ಫೋನಿಗೆ ಬರುವ ಸಂದೇಶಗಳಲ್ಲಿ ತಪ್ಪು ವಾದ ಎಲ್ಲಿದೆ ಎಂದು ಅವರು ಪಟ್ಟನೆ ಹಿಡಿಯುತ್ತಾರೆ. ನನಗೂ ಎಲ್ಲ ಕಾಣುತ್ತದೆ, ಎದ್ದು ಹೋಗಿ ತೋರಿಸುವ ಆ ಹುಮ್ಮಸ್ಸು ಮಾತ್ರ ಎಂದೋ ಬತ್ತಿಹೋಗಿದೆ. ಮೊನ್ನೆ ಒಬ್ಬ ಹುಡುಗಿ ಕೇಳಿದಳು, "ತಪ್ಪು ಅಂತ ತೋರಿಸಿದ್ರೆ ಮನೇಲಿ ಒಪ್ಕೋತಾರಲ್ವಾ ಮಿಸ್?"

ಹೂಂ ಅಂದೆ. ನಾಳೆ ಅವಳಿಗೇ ಗೊತ್ತಾಗುತ್ತದೆ. ಇವತ್ತೊಂದು ದಿನ ಆ ನಂಬಿಕೆ ಅವಳ ಹತ್ತಿರ ಇರಲಿ.