ಡಾಕ್ಟರ್ ಆಂಟಿ ಆರಿಸಿದ ಬಂದೂಕು

ಚಳಿಗಾಲ ಬಂತೆಂದರೆ ಡಾಕ್ಟರ್ ಆಂಟಿಯ ಬಲ ಭುಜದ ಕೆಳಗೆ ನೇರಳೆಹಣ್ಣಿನ ಬಣ್ಣದ ಕಲೆಯೊಂದು ಮೂಡುತ್ತಿತ್ತು. ಅಂಚು ಹಳದಿ, ನಡು ಕಪ್ಪು. ಸೆರಗು ಸರಿದಾಗ ಕಂಡವರು ಕಣ್ಣು ತಗ್ಗಿಸುತ್ತಿದ್ದರು. ಅಮೆರಿಕದ ಕ್ಯಾರಿ ಊರಿನ ನಮ್ಮ ಕನ್ನಡ ಬಳಗದ ಹೆಂಗಸರು ಅವರ ಗಂಡನ ಮೇಲೆ ಏನೇನೋ ಪಿಸುಗುಟ್ಟಿದ್ದೂ ಉಂಟು. ಪಾಪ, ಆ ಮನುಷ್ಯ ಇರುವೆ ಕಂಡರೆ ದಾಟಿ ನಡೆಯುವವರು. ಆ ಕಲೆ, ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಂದೂಕಿನದು. ಅವರೊಡನೆ ಕೆಲಸ ಮಾಡಿದ ನರ್ಸ್ ಒಬ್ಬಳು ಬೇಟೆ ಕಲಿಸಿ, ದೊಡ್ಡ ತೋಟಾ ಹಿಡಿಯುವ ತನ್ನಪ್ಪನ ಹಳೆಯ ಬಂದೂಕನ್ನು ಕೊಟ್ಟಿದ್ದಳು. ನಿಜ ಗೊತ್ತಾದಾಗ ಬಳಗದವರ ಪಿಸುಮಾತು ಇನ್ನೂ ಹೆಚ್ಚಾಯಿತು. ಗಂಡ ಹೊಡೆಯುತ್ತಾನೆ ಅಂದುಕೊಂಡಾಗ ಅಯ್ಯೋ ಪಾಪ ಅಂದವರು, ಈಕೆಯೇ ಹಕ್ಕಿ ಹೊಡೆಯುತ್ತಾಳೆ ಎಂದಾಗ ಮನೆಗೆ ಕರೆಯುವುದನ್ನೇ ಬಿಟ್ಟರು.

ನಾನು ಅವರ ಪಕ್ಕದ ಮನೆಯವಳು. ಮೈಸೂರಿನ ಸಸ್ಯಾಹಾರಿ, ಸಾಫ್ಟ್‌ವೇರ್ ಕೆಲಸದವಳು. ಬೇಟೆಯ ಗಂಧಗಾಳಿ ಇಲ್ಲದವಳು. ಅವರು ವಿಜಯಪುರದ ಕಡೆಯವರು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರಾಗಿ ದುಡಿದು ನಿವೃತ್ತರಾದವರು. ಸಿಟ್ಟು ಬಂದರೆ ಅವರ ದನಿ ಏರುತ್ತಿರಲಿಲ್ಲ, ಇನ್ನಷ್ಟು ತಗ್ಗುತ್ತಿತ್ತು. ಅಷ್ಟು ತಗ್ಗಿದ ದನಿಯನ್ನು ಕೇಳಲು ಎದುರಿನವರು ಬಾಗಬೇಕಾಗುತ್ತಿತ್ತು.

ಬೇಟೆ ಯಾಕೆ ಎಂದು ಒಮ್ಮೆ ಕೇಳಿದೆ. ರೊಟ್ಟಿ ಬಡಿಯುತ್ತಲೇ ಹೇಳಿದರು: "ನಮ್ಮಪ್ಪ ಕೌಜುಗ ಹೊಡದು ತಂದು ಪಡಸಾಲ್ಯಾಗ ಒಗೀತಿದ್ದ. ಪುಚ್ಚ ಕೀಳಾಕ ನಾ, ಬಂದೂಕ ಹಿಡ್ಯಾಕ ನಮ್ಮಣ್ಣ. ಒಮ್ಮೆ ಮುಟ್ಟಿದ್ದಕ್ಕ ಕಪಾಳಕ್ಕ ಬಿತ್ತು. ಆ ಏಟು ಇನ್ನೂ ಉರೀತೈತಿ, ತಂಗಿ."

ಕೋವಿಡ್‌ನ ಮೊದಲ ಚಳಿಗಾಲದಲ್ಲಿ ಅವರ ಗಂಡ ತೀರಿಕೊಂಡರು. ಅಟ್ಲಾಂಟಾದ ಹತ್ತಿರ ಸುವಾನಿಯಲ್ಲಿದ್ದ ಒಬ್ಬನೇ ಮಗ ಬಂದ. ಬಳಗದ ಯಾರೋ ಅವನಿಗೆ ಫೋನ್ ಮಾಡಿ, ಒಂಟಿ ವಿಧವೆ, ಮನೆಯಲ್ಲಿ ಬಂದೂಕಿದೆ, ಮನಸ್ಸು ಹೇಗಿರುತ್ತದೋ ಏನೋ ಎಂದು ಹೆದರಿಸಿದ್ದರು. ಹೆದರಿದ್ದು ತಪ್ಪಲ್ಲ. ಅಂಥ ದುಃಖದಲ್ಲಿ ಯಾರಾದರೂ ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಯಾರೂ ಅವರನ್ನು ಕೇಳಲಿಲ್ಲ. ಫೋನ್ ಮಾಡಿದವರು ಕೇಳಲಿಲ್ಲ, ಮಗನೂ ಕೇಳಲಿಲ್ಲ. ಆಂಟಿ ದೇವಸ್ಥಾನಕ್ಕೆ ಹೋಗಿದ್ದಾಗ ಬೀರು ತೆಗೆದು ಬಂದೂಕನ್ನು ಪೊಲೀಸರಿಗೆ ಕೊಟ್ಟು ಬಂದ.

ಅವರು ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ.

"ಅಮ್ಮಾ, ಇಟ್ಸ್ ಡನ್. ಪೊಲೀಸ್‌ಗೆ ಕೊಟ್ಟೆ. ಫಾರ್ ಯುವರ್ ಸೇಫ್ಟಿ."

ಆಂಟಿ ಚಪ್ಪಲಿ ಕೂಡ ಬಿಟ್ಟಿರಲಿಲ್ಲ. "ನಿಮ್ಮಪ್ಪ ಸತ್ತಾನ," ಅಂದರು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. "ನಾ ಸತ್ತಿಲ್ಲ. ನನ್ನ ಸಾಮಾನ ಹಂಚಾಕ ಹತ್ತೀಯಲ್ಲ?"

ಮಗ ಅತ್ತ. ಅವರು ಅಳಲಿಲ್ಲ. ಅವನು ಹೋದ ಮೇಲೆ ನಾನೇ ಕೇಳಿದೆ, "ಆಂಟಿ, ಸಾಯೋ ಯೋಚನೆ ಏನಾದ್ರೂ ಬರ್ತಿದ್ಯಾ?" ಅವರು ನನ್ನತ್ತ ತಿರುಗಿದರು. "ಇಲ್ಲ. ಬಂದ್ರ ನಿನಗ ಹೇಳ್ತೀನಿ. ಕೇಳಿದಾಕಿ ನೀ ಒಬ್ಬಾಕಿ."

ಒಂದು ವರ್ಷ ಸುಮ್ಮನಿದ್ದರು. ಮುಂದಿನ ಚಳಿಗಾಲದಲ್ಲಿ ಒಂದು ಶನಿವಾರ ನನ್ನ ಮನೆ ಬಾಗಿಲಲ್ಲಿ ನಿಂತು, "ಗಾಡಿ ತಗಿ. ಬಂದೂಕ ತರೋಣು" ಅಂದರು.

ಅಂಗಡಿಯ ಹುಡುಗ ಇಬ್ಬರು ಹೆಂಗಸರನ್ನು ಕಂಡವನೇ ಒಳಗಿನಿಂದ ಗುಲಾಬಿ ಬಣ್ಣದ ಬಂದೂಕು ತಂದ. ಹೆಂಗಸರು ಇದನ್ನೇ ಕೇಳುತ್ತಾರೆ ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಆದರೂ ಅಭ್ಯಾಸಬಲದಿಂದ ಹಲ್ಲು ಕಿರಿದೆ. ಆಂಟಿ ನಗಲಿಲ್ಲ. ಲಾವಕ್ಕಿ ಬೇಟೆಗೆ, ಕೈಯಿಂದ ಎಳೆದು ತೋಟಾ ಕೂರಿಸುವ ಪಂಪ್ ಬಂದೂಕು ಬೇಕು, ಇಡೀ ದಿನ ಹೊತ್ತು ನಡೆಯುವಷ್ಟು ಹಗುರ ಇರಬೇಕು ಎಂದರು. ಅವನು ದೊಡ್ಡ ಬಾಯಿಯ, ಹನ್ನೆರಡು ಗೇಜಿನದೊಂದನ್ನು ತಂದ. ಹಗುರವಾಗಿಯೇ ಇತ್ತು. ಆಂಟಿ ಅದನ್ನು ಮುಟ್ಟದೆಯೇ ನನ್ನತ್ತ ತಿರುಗಿದರು.

"ಹಗುರ ಬಂದೂಕಿನಾಗ ಭಾರದ ತೋಟಾ ಹಾಕಿದ್ರ ಕತ್ತೆ ಒದ್ದಂಗ ಒದೀತೈತಿ. ಹೊರೂದು ಮುಂಜಾನಿಂದ ಸಂಜಿತನಕ, ಖರೆ. ಆದ್ರ ಹೊಡಿಯೂದೂ ನಾವೇ ಅಲ್ಲೇನ? ಇಪ್ಪತ್ತು ಗೇಜು ಬೇಕು. ಗೇಜಿನ ಅಂಕಿ ದೊಡ್ಡದಾದಂಗ ಬಾಯಿ ಸಣ್ಣದು, ತೋಟಾನೂ ಸಣ್ಣದು. ಲಾವಕ್ಕಿ ಹೊಡ್ಯಾಕ ಹೊಂಟೀವಿ, ಆನಿ ಅಲ್ಲ."

ಇಪ್ಪತ್ತು ಗೇಜಿನವು ಬಂದವು. ಮೊದಲು ಪ್ರತಿಯೊಂದನ್ನೂ ತೆರೆದು ಖಾಲಿ ಇದೆಯೇ ಎಂದು ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ನೋಡಿದರು. ಆಮೇಲೆ ಚೀಲದಿಂದ ತಮ್ಮ ದಪ್ಪನೆಯ ಬೇಟೆಯ ಕೋಟು ತೆಗೆದು ಅಂಗಡಿಯೊಳಗೇ ಹಾಕಿಕೊಂಡರು. ತೆಳು ಅಂಗಿಯಲ್ಲಿ ಸರಿಯೆನಿಸಿದ ಬಂದೂಕು ಚಳಿಯ ಕೋಟಿನ ಮೇಲೆ ಉದ್ದವಾಗಿ ಕಂಕುಳಿಗೆ ಸಿಕ್ಕಿಕೊಳ್ಳುತ್ತದಂತೆ. ಕಣ್ಣು ಮುಚ್ಚಿ ಭುಜಕ್ಕೆ ಏರಿಸುವುದು, ಕಣ್ಣು ಬಿಟ್ಟಾಗ ನಳಿಗೆಯ ತುದಿ ನೇರ ಕಂಡರೆ ಸರಿ, ಇಲ್ಲದಿದ್ದರೆ ವಾಪಸ್ಸು. ಒಂದರ ಮೂತಿ ಭಾರವಾಗಿತ್ತು. ಇನ್ನೊಂದು ಎಷ್ಟು ಹಗುರವೆಂದರೆ ಎತ್ತಿದ ಕೂಡಲೇ ಅಲ್ಲಾಡುತ್ತಿತ್ತು. ಗುರಿ ನಿಲ್ಲುವುದಿಲ್ಲ ಎಂದು ಅದನ್ನೂ ಬಿಟ್ಟರು.

ಅಂಗಡಿಯ ಹುಡುಗ ತಾನಾಗಿ ತೋಟಾ ತುಂಬಿಕೊಳ್ಳುವ ಆಟೋಮ್ಯಾಟಿಕ್ ಒಂದನ್ನು ತೋರಿಸಿ, ನಿಮಗೆ ಇದೇ ಸುಲಭ ಎಂದ. ಆಂಟಿಯ ದನಿ ಪಾತಾಳಕ್ಕಿಳಿಯಿತು. ಅವನು ಕೌಂಟರಿನ ಮೇಲೆ ಬಾಗಿದ. ಸುಲಭವಾದದ್ದನ್ನು ನಾನು ಕೇಳಿದೆನಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮನುಷ್ಯರನ್ನು ನಿದ್ದೆಗೆ ಕಳಿಸಿ ಮತ್ತೆ ಎಬ್ಬಿಸುವ ಕೆಲಸ ಮಾಡಿದವಳು ನಾನು, ನನ್ನ ಕೈಗೆ ಏನು ಬೇಕೆಂದು ನನಗೆ ಗೊತ್ತು, ನಾನು ಕೇಳಿದ್ದನ್ನು ತಾ ಎಂದರು. ಅವನು ತಂದ.

ಕೊನೆಗೆ ಆರಿಸಿದ್ದು ಗಿಡ್ಡ ನಳಿಗೆಯ, ವಾಲ್‌ನಟ್ ಮರದ ಹಿಡಿಯದ್ದು. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಮಾತ್ರ ಮುಂದಿನ ತೋಟಾ ಬಂದು ಕೂರುವಂಥದು. "ಎರಡನೇದ್ದು ಬೇಕಂದ್ರ ದುಡೀಬೇಕು," ಎಂದರು. "ಅಷ್ಟರಾಗ ಹೊಡೀಬೇಕೋ ಬ್ಯಾಡೋ ಅನ್ನೂ ಬುದ್ಧಿ ಬರತೈತಿ."

ಆ ವರ್ಷ ಅವರ ಜೊತೆ ಪೈನ್ ಮರಗಳ ಬಯಲಿಗೆ ಒಮ್ಮೆ ಹೋದೆ. ಬೇಟೆ ಕಲಿಸಿದ್ದ ಆ ನರ್ಸಿನ ನಾಯಿ ಹಕ್ಕಿಯ ವಾಸನೆ ಹಿಡಿದು ಹುಲ್ಲಿನ ಮುಂದೆ ಕಲ್ಲಿನಂತೆ ನಿಂತಿತು. ಬುರ್ರೆಂದು ಲಾವಕ್ಕಿಗಳು ಎದ್ದವು. ಆಂಟಿ ಬಂದೂಕು ಏರಿಸಿದರು, ಇಳಿಸಿದರು.

"ಅಯ್ಯೋ, ಮಿಸ್ ಆಯ್ತಲ್ಲ ಆಂಟಿ!"

"ಮಿಸ್ ಅಲ್ಲ, ಬಿಟ್ಟೆ." ಅವರ ಮುಖ ಕೆಂಪಾಗಿತ್ತು. "ಹಕ್ಕಿ ಭಾಳ ಕೆಳಗ ಹಾರಾಕ ಹತ್ತಿತ್ತು, ಹಿಂದ ನಾಯಿ ಇತ್ತು. ಕಣ್ಣ ತಗದು ನೋಡ."

ಮಧ್ಯಾಹ್ನದ ಹೊತ್ತಿಗೆ ಎರಡು ಹಕ್ಕಿ ಹೊಡೆದರು. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಪುಚ್ಚ ಕಿತ್ತರು. ಇನ್ನೂ ಬಿಸಿಯಾಗಿದ್ದ ಆ ಮೈಯನ್ನು ನನ್ನ ಅಂಗೈಯಲ್ಲಿಟ್ಟು, "ತಿನ್ನು ಅನ್ನಂಗಿಲ್ಲ. ತೂಕ ನೋಡು. ಕೊಂದದ್ದು ಎಷ್ಟು ಅಂತ ಗೊತ್ತಿರಬೇಕು" ಅಂದರು. ನಾನು ಆ ರಾತ್ರಿಯೂ ಅವರ ಮನೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿಯನ್ನೇ ತಿಂದೆ. ಅವರು ಒತ್ತಾಯಿಸಲಿಲ್ಲ.

ಮತ್ತೊಂದು ಚಳಿಗಾಲ ಅವರಿಗೆ ಸಿಗಲಿಲ್ಲ. ಹೊಟ್ಟೆನೋವು ಎಂದು ಹೋದವರಿಗೆ ಕ್ಯಾನ್ಸರ್ ಎಂದರು. ಚಿಕಿತ್ಸೆಗೂ ಪುರುಸೊತ್ತಿಲ್ಲದಷ್ಟು ಬೇಗ ಹೋದರು.

ಬಳಗದವರು ನಮ್ಮ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ಬದುಕಿದ್ದಾಗ ಮನೆಗೆ ಕರೆಯದವರೆಲ್ಲ ಮುಂದಿನ ಸಾಲಿನಲ್ಲಿದ್ದರು. ಬಹಳ ಸಾಧು ಸ್ವಭಾವ, ಒಂದು ದಿನವೂ ಸಿಟ್ಟಾದವರಲ್ಲ ಎಂದು ಒಬ್ಬರು ಮೈಕಿನಲ್ಲಿ ಹೇಳಿದರು. ಪರದೆಯ ಮೇಲೆ ಮಗ ಆರಿಸಿದ ಫೋಟೋಗಳು: ತುಳಸಿಕಟ್ಟೆ, ರೇಷ್ಮೆ ಸೀರೆ, ಆಸ್ಪತ್ರೆಯ ಬಿಳಿ ಕೋಟು. ಬಯಲಿನಲ್ಲಿ ಕಿತ್ತಳೆ ಟೋಪಿ ಹಾಕಿ, ಬಂದೂಕು ತೆರೆದು ತೋಳ ಮೇಲಿಟ್ಟುಕೊಂಡಿದ್ದ ಅವರ ಫೋಟೋ ಒಂದನ್ನು ನಾನು ಮಗನಿಗೆ ಕಳಿಸಿದ್ದೆ. ಅದನ್ನು ಕೈಬಿಟ್ಟಿದ್ದ.

ಎದ್ದು ನಿಂತೆ. ಮೈಕು ಯಾರೂ ಕೊಡಲಿಲ್ಲ. "ಅವರಿಗೆ ಸಿಟ್ಟು ಬರ್ತಿತ್ತು," ಎಂದೆ. "ನಿಮ್ಮ ಮೇಲೂ ಬರ್ತಿತ್ತು. ಅವರು ಬೇಟೆಗೆ ಹೋಗ್ತಿದ್ರು. ಅವರು ಇದ್ದ ಹಾಗೇ ಬೀಳ್ಕೊಡೋಕೆ ನಿಮ್ ಕೈಲಿ ಆಗಲ್ವಾ?" ನನ್ನ ಫೋನಿನಲ್ಲಿದ್ದ ಆ ಫೋಟೋ ತೆರೆದು, ಫೋನನ್ನೇ ಪಕ್ಕದವರ ಕೈಗಿಟ್ಟೆ. ಅದು ಸಾಲಿನಿಂದ ಸಾಲಿಗೆ ಹೋಯಿತು. ಕೆಲವರು ನೋಡದೆಯೇ ದಾಟಿಸಿದರು. ಒಬ್ಬ ಅಜ್ಜಿ ಮಾತ್ರ ಕನ್ನಡಕ ಏರಿಸಿ, "ಎಷ್ಟು ಚೆನ್ನಾಗಿ ನಗ್ತಿದಾಳೆ ನೋಡಿ, ಹೀಗೆ ನಕ್ಕಿದ್ದು ನಾನು ನೋಡೇ ಇಲ್ಲ" ಅಂದರು.

ಕೊನೆಗೆ ಅದು ಮಗನ ಕೈ ಸೇರಿತು. ಅವನು ತಲೆ ಎತ್ತಲಿಲ್ಲ. ಫೋನಿನ ಪರದೆ ಆರಿಹೋದಾಗ ಹೆಬ್ಬೆರಳಿಂದ ತಟ್ಟಿ ಮತ್ತೆ ಬೆಳಗಿಸಿದ. ಆಚೆ ಯಾರೋ ಊಟದ ತಟ್ಟೆಗಳನ್ನು ಜೋಡಿಸುತ್ತಿದ್ದರು. ನನ್ನ ಸಿಟ್ಟು ಇಳಿದಿರಲಿಲ್ಲ. ಆದರೂ ಫೋನ್ ವಾಪಸ್ ಕೇಳಲಿಲ್ಲ, ಅವನು ನೋಡಿ ಮುಗಿಸುವವರೆಗೂ ಹಾಗೇ ನಿಂತಿದ್ದೆ.