ಭಾವ ಅಕ್ಕನಿಗೆ ಕೊಟ್ಟ ವಿಶ್ರಾಂತಿ

ನಮ್ಮ ಭಾವನನ್ನ ಯಾರಾದ್ರೂ ಕೆಟ್ಟವರು ಅಂದ್ರೆ ನಾನು ಸುಮ್ಮನಿರೋಳಲ್ಲ, ತೋಳೇರಿಸ್ಕೊಂಡು ಜಗಳಕ್ಕೇ ಹೋಗ್ತೀನಿ. ಬೈಯೋದಾದ್ರೆ ನಾನೊಬ್ಬಳೇ ಬೈಬೇಕು, ನಾದಿನಿ ಅಂತ ಇರೋದು ಮತ್ಯಾಕೆ? ಕುಡಿಯಲ್ಲ, ಇಸ್ಪೀಟು ಮುಟ್ಟಲ್ಲ, ಅಕ್ಕನ ಮೇಲೆ ಕೈ ಎತ್ತೋದಿರಲಿ, ದನಿ ಎತ್ತಿದ್ದನ್ನೂ ನಾನು ಕಂಡಿಲ್ಲ. ಅಂಥ ಮನುಷ್ಯ, ಅವಳಿಗೆ ಒಳ್ಳೇದು ಮಾಡ್ತೀನಿ ಒಳ್ಳೇದು ಮಾಡ್ತೀನಿ ಅಂತಲೇ ಅವಳನ್ನ ಮೂಲೆಗೆ ಕೂರಿಸಿಬಿಟ್ರು. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ನನಗೆ ಮೈ ಉರಿಯುತ್ತೆ, ಆಮೇಲೆ ಅವರ ಮುಖ ನೋಡಿದ್ರೆ ಅಯ್ಯೋ ಪಾಪ ಅನ್ಸುತ್ತೆ.

ಭಾವಂದು ಹುಲ್ಲು ಕತ್ತರಿಸೋ ಕೆಲಸ. ದನಕ್ಕೆ ಹಾಕೋ ಹುಲ್ಲಲ್ಲ. ಮನೆ ಮುಂದೆ, ಆಫೀಸಿನ ಮುಂದೆ ನೋಡೋಕಂತ ಬೆಳೆಸಿರ್ತಾರಲ್ಲ, ಆ ಲಾನು. ನಮ್ಮ ಬೀದಿ ಕೊನೆಯ ಕ್ಷೌರದಂಗಡಿಯವನು ಅವರನ್ನ ರೇಗಿಸ್ತಿದ್ದ. ನಿಮ್ಮದೂ ನಮ್ಮದೂ ಒಂದೇ ಕಸುಬು ಸ್ವಾಮಿ, ನನ್ನ ಗಿರಾಕಿ ತಲೆ ಅಲ್ಲಾಡಿಸ್ತಾನೆ, ನಿಮ್ಮದು ಅಲ್ಲಾಡಲ್ಲ, ಪುಣ್ಯವಂತರು ಅಂತಿದ್ದ. ಭಾವ ನಕ್ಕು ಸುಮ್ಮನಾಗ್ತಿದ್ರು. ಮಾತು ಅವರ ಬಾಯಿಂದ ಬರಬೇಕಾದ್ರೆ ಇಕ್ಕಳ ಹಾಕಿ ಕೀಳಬೇಕು.

ಶುರು ಮಾಡಿದಾಗ ಅವರ ಹತ್ರ ಇದ್ದಿದ್ದು ಒಂದೇ ಒಂದು ಮಷಿನ್ನು, ಅದೂ ಯಾವುದೋ ಶಾಲೆಯವರು ಗುಜರಿಗೆ ಹಾಕಿದ್ದು. ಇಂಜಿನ್ ಗಿಂಜಿನ್ ಏನೂ ಇಲ್ಲ, ಕೈಯಲ್ಲಿ ತಳ್ಳಿದ್ರೆ ಬ್ಲೇಡು ತಿರುಗೋದು. ಭಾವ ಮುಂದೆ ತಳ್ಳೋರು, ಅಕ್ಕ ಹಿಂದೆ ಉದ್ದ ಹಿಡಿಯ ಹಲ್ಲಿನ ರೇಕು ಹಿಡ್ಕೊಂಡು ಕತ್ತರಿಸಿದ ಹುಲ್ಲೆಲ್ಲ ಒಟ್ಟು ಮಾಡೋಳು. ಗೋಡೆ ಪಕ್ಕ, ಕಲ್ಲಿನ ಅಂಚು, ಮಷಿನ್ ಹೋಗದ ಜಾಗದಲ್ಲೆಲ್ಲ ಅವಳೇ ಕೂತು ದೊಡ್ಡ ಕತ್ತರೀಲಿ ಕತ್ತರಿಸೋಳು. ಕೊನೇಲಿ ಕಾಲುದಾರಿ ಗುಡಿಸೋದೂ ಅವಳೇ. ಸೈಕಲ್ ಗಾಡೀಲಿ ಸಾಮಾನು ಹೇರ್ಕೊಂಡು ಇಬ್ರೂ ಬೆಳಿಗ್ಗೆ ಹೋದ್ರೆ ಸಾಯಂಕಾಲ ಬರೋರು. ಆ ಮಷಿನ್ನಿಗೆ ಸದ್ದು ಕಡಿಮೆ, ಹಾಗಾಗಿ ಇಡೀ ದಿನ ಅಕ್ಕನ ಬಾಯಿ ನಡೀತಿತ್ತು, ಭಾವ ಹೂಂ ಹೂಂ ಅನ್ಕೊಂಡು ತಳ್ತಿದ್ರು. ಯಾವ ಮನೆ ಸೊಸೆ ಮುನಿಸ್ಕೊಂಡಿದ್ದಾಳೆ, ಯಾವ ಮನೆ ನಾಯಿಗೆ ಮೈ ಹುಷಾರಿಲ್ಲ, ಎಲ್ಲ ಅವಳಿಗೆ ಗೊತ್ತು. ಸಾಯಂಕಾಲ ನನ್ನ ಹೊಲಿಗೆ ಅಂಗಡಿ ಮೆಟ್ಟಿಲ ಮೇಲೆ ಕೂತು ಕಾಲು ಚಾಚ್ಕೊಂಡು ಅದನ್ನೆಲ್ಲ ಉಣಬಡಿಸೋಳು. ಅವಳ ಕೂದಲಲ್ಲಿ ಹುಲ್ಲು ಸಿಕ್ಕಿರ್ತಿತ್ತು, ನಾನು ಮಾತು ಕೇಳ್ತಾ ಕೇಳ್ತಾ ಅದನ್ನ ತೆಗೀತಿದ್ದೆ.

ಭಾವಂದು ಒಂದು ಹಟ ಇತ್ತು. ಬಂದ ಲಾಭನ ತಿಂದು ಕೂತ್ರೆ ಇದ್ದಲ್ಲೇ ಇರ್ತೀವಿ, ಅದನ್ನ ಮತ್ತೆ ಕೆಲಸಕ್ಕೇ ಹಾಕ್ಬೇಕು ಅನ್ನೋರು. ಹಾಕಿದ್ರು ಕೂಡ. ಮನೆಗೆ ಎಷ್ಟು ಬೇಕೋ ಅಷ್ಟು ಅಕ್ಕನ ಕೈಗೆ ಕೊಟ್ಟು, ಉಳಿದಿದ್ದನ್ನ ಮುಟ್ತಿರಲಿಲ್ಲ. ಅಕ್ಕನೂ ಒಂದು ದಿನ ನನಗೆ ಅದು ಬೇಕು ಇದು ಬೇಕು ಅಂದೋಳಲ್ಲ. ಮೊದಲು ಬಂದಿದ್ದು ಪೆಟ್ರೋಲ್ ಮಷಿನ್ನು. ಹಿಂದೆ ಒಂದು ಚೀಲ, ಕತ್ತರಿಸಿದ ಹುಲ್ಲು ತಾನಾಗೇ ಅದರೊಳಗೆ ಬೀಳೋದು. ಭಾವ ಅವತ್ತು ಅಂಗಳದಲ್ಲಿ ಅದನ್ನ ನಿಲ್ಲಿಸಿ, ನೋಡೇ, ಇನ್ಮೇಲೆ ನೀನು ಬಗ್ಗಿ ಬಗ್ಗಿ ಹುಲ್ಲು ಎಳೆಯೋ ಹಾಗಿಲ್ಲ ಅಂದ್ರು. ಅವರ ಮುಖ ಅಷ್ಟು ಅರಳಿದ್ದು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಕ್ಕನೂ ಖುಷಿಯಾದ್ಲು, ಸುಳ್ಳು ಯಾಕೆ ಹೇಳಲಿ. ರೇಕು ಹೋದ್ರೆ ಹೋಗಲಿ, ಕತ್ತರಿ ಇದೆಯಲ್ಲ, ಪೊರಕೆ ಇದೆಯಲ್ಲ.

ದಿನಕ್ಕೆ ಹೆಚ್ಚು ಮನೆ ಮುಗಿಯೋಕೆ ಶುರುವಾಯ್ತು. ಆ ಲಾಭದಲ್ಲಿ ಅಂಚು ಕತ್ತರಿಸೋ ಮಷಿನ್ ಬಂತು. ಉದ್ದ ಕೋಲಿನ ತುದೀಲಿ ಪ್ಲಾಸ್ಟಿಕ್ ದಾರ ಗಿರ್ರಂತ ತಿರುಗುತ್ತೆ, ಎಂಥ ಮೂಲೆ ಇದ್ರೂ ಬಿಡಲ್ಲ. ಕತ್ತರಿ ಅಟ್ಟಕ್ಕೆ ಹೋಯ್ತು. ಅದನ್ನ ಹಿಡಿಯೋಕೆ ಒಬ್ಬ ಗಟ್ಟಿಮುಟ್ಟಾದ ಆಳನ್ನ ಇಟ್ಕೊಂಡ್ರು. ಆಮೇಲೆ ಬೆನ್ನಿಗೆ ಹಾಕ್ಕೊಳ್ಳೋ ಬ್ಲೋವರ್ ಬಂತು, ಬುಸ್ಸಂತ ಗಾಳಿ ಬಿಟ್ರೆ ಕಾಲುದಾರಿಯ ಎಲೆಯೆಲ್ಲ ಹಾರಿ ಒಂದು ಕಡೆ ಬೀಳುತ್ತೆ. ಪೊರಕೆಯದ್ದೂ ಕಥೆ ಮುಗೀತು. ಇಷ್ಟೆಲ್ಲ ಹೇರೋಕೆ ಸಣ್ಣ ಲೋಡ್ ಗಾಡಿ ಬಂತು, ಅದರ ಮುಂದೆ ಇಬ್ಬರಿಗೆ ಮಾತ್ರ ಜಾಗ. ಭಾವ, ಆಳು. ಅಕ್ಕ ಸ್ವಲ್ಪ ದಿನ ಮಧ್ಯದಲ್ಲಿ ಒತ್ಕೊಂಡು ಕೂತು ಹೋದ್ಲು. ಹೋಗಿ ಮಾಡೋದಾದ್ರೂ ಏನು? ಗಂಡಸರಿಬ್ರೂ ಕಿವಿಗೆ ದಪ್ಪ ಮುಚ್ಚಳ ಹಾಕ್ಕೊಂಡು ಮಷಿನ್ ಓಡಿಸೋರು, ಇವಳು ಗೇಟಿನ ಹತ್ರ ನಿಂತಿರೋಳು. ಒಂದು ದಿನ ಭಾವನೇ, ಪಾಪ ನೀನ್ಯಾಕೆ ಬಿಸಿಲಲ್ಲಿ ಒಣಗ್ತೀಯ, ಮನೇಲಿ ಆರಾಮಾಗಿರು, ಇಷ್ಟು ವರ್ಷ ದುಡಿದಿದ್ದು ಸಾಕು ಅಂದ್ರು. ಅಕ್ಕ ಆಗಲಿ ಅಂದ್ಲು. ಅವಳ ಆಗಲಿ ಅನ್ನೋ ಮಾತಿಗೆ ಏನರ್ಥ ಅಂತ ನನಗೆ ಗೊತ್ತು, ಕಟ್ಕೊಂಡ ಗಂಡನಿಗೆ ಗೊತ್ತಾಗ್ಬೇಡ್ವಾ?

ಅಕ್ಕನ ಒಬ್ಬಳೇ ಮಗಳು ಮದುವೆಯಾಗಿ ದೂರದ ಊರು ಸೇರಿದ್ಲು. ಮುಂದಿನ ಕೋಣೆ ಮಷಿನ್‌ಗಳ ಪಾಲಾಗಿ ಪೆಟ್ರೋಲ್ ವಾಸನೆ ಹೊಡೀತಿತ್ತು. ಉಳಿದ ಕೋಣೆ, ಅಡುಗೆಮನೆ, ಇಷ್ಟನ್ನ ಅಕ್ಕ ಎಷ್ಟು ಸಲ ಅಂತ ಒರೆಸ್ತಾಳೆ? ನನ್ನ ಅಂಗಡಿಗೆ ಬಂದು ಗುಂಡಿ ಹಾಕಿ ಕೊಡೋಳು, ಹುಕ್ ಹಾಕೋಳು, ಅದು ಮುಗಿದ್ರೆ ಅಂಗಡಿ ಗುಡಿಸೋಳು, ಗಿರಾಕಿ ಒಂದು ದಾರ ಬೀಳಿಸಿದ್ರೆ ಮತ್ತೆ ಗುಡಿಸೋಳು. ನಾನು ತಡೆಯಲಾರದೆ ಗದರಿದೆ, ನೆಲ ಸವೆದು ಹೋಗುತ್ತೆ ಕಣೇ, ಸುಮ್ನೆ ಕೂತ್ಕೋ ಅಂತ. ಕೂತ್ಲು. ಹೇಳೋಕೆ ಸುದ್ದಿಯೇ ಇಲ್ಲ ಅವಳ ಹತ್ರ. ಬಡಬಡ ಅಂತ ಇದ್ದ ನಮ್ಮಕ್ಕ ಗೋಡೆ ನೋಡ್ಕೊಂಡು ಕೂತಿದ್ದು ನನಗೆ ಸಹಿಸೋಕಾಗಲಿಲ್ಲ.

ಆಮೇಲೊಂದು ದಿನ ಅವಳ ಕೂದಲಲ್ಲಿ ಒಣಗಿದ ಎಲೆ ಕಂಡಿತು. ಬಾಯಿ ಬಿಡಿಸಿದೆ. ಊರಿನ ದೊಡ್ಡ ಪಾರ್ಕಲ್ಲಿ ಎಲೆ ಗುಡಿಸೋ ಕೆಲಸಕ್ಕೆ ಸೇರಿದ್ಲಂತೆ, ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ. ಅವಳ ಜೊತೆ ಇನ್ನೂ ಐದು ಹೆಂಗಸರು. ಅವರಲ್ಲಿ ಒಬ್ಬಳು ಬಲು ತಮಾಷೆಯಂತೆ, ಇನ್ನೊಬ್ಬಳು ಹಾಡ್ತಾಳಂತೆ, ಮೂಲೆಯ ಬೆಂಚಲ್ಲಿ ಕೂರೋ ಮುದುಕರು ದಿನಾ ಇವರನ್ನ ಮಾತಾಡಿಸ್ತಾರಂತೆ. ಹೇಳ್ತಾ ಹೇಳ್ತಾ ಅಕ್ಕನ ಮುಖ ಹಳೇ ಮುಖ ಆಯ್ತು. ನಿನ್ನ ಭಾವನಿಗೆ ಹೇಳ್ಬೇಡ, ನನ್ನ ದುಡಿಮೆ ಸಾಲ್ದೇ ಹೋಯ್ತಾ ಅಂತ ನೊಂದ್ಕೋತಾರೆ ಅಂದ್ಲು. ನನ್ನ ಬಾಯಲ್ಲಿ ಎಳ್ಳು ನೆನೆಯಲ್ಲ ಅಂತ ಬೀದಿಗೆಲ್ಲ ಗೊತ್ತು. ಆದ್ರೂ ಅವಳಿಗೋಸ್ಕರ ತುಟಿ ಹೊಲ್ಕೊಂಡು ಕೂತೆ. ಭಾವ ಬೆಳಕು ಹರಿಯೋ ಹೊತ್ತಿಗೆ ಹೋಗಿ ಕತ್ತಲಾದ ಮೇಲೆ ಬರ್ತಿದ್ರು, ಅವರಿಗೆ ಗೊತ್ತಾಗೋ ಸಂಭವವೇ ಇರಲಿಲ್ಲ.

ಇಷ್ಟರಲ್ಲಿ ಭಾವನಿಗೆ ಕೂತು ಓಡಿಸೋ ಮಷಿನ್ ಮೇಲೆ ಆಸೆ ಹುಟ್ಟಿತ್ತು. ಸಣ್ಣ ಟ್ರಾಕ್ಟರ್ ಥರ, ಸೀಟಿನ ಮೇಲೆ ಕೂತು ಸ್ಟೀರಿಂಗ್ ತಿರುಗಿಸ್ತಾ ಹೋದ್ರೆ ಹುಲ್ಲೂ ಎಲೆಯೂ ಒಟ್ಟಿಗೇ ಹಿಂದಿನ ಚೀಲಕ್ಕೆ. ಅದನ್ನ ತಗೊಂಡೂ ಬಿಟ್ರು. ಒಂದು ವಾರ ಕಳೆದು ಸಾಯಂಕಾಲ ಬೇಗ ಬಂದ್ರು, ಕೈಯಲ್ಲಿ ಸಿಹಿ ಪೊಟ್ಟಣ. ನಾನೂ ಅಲ್ಲೇ ಇದ್ದೆ. ದೊಡ್ಡ ಪಾರ್ಕಿನ ಗುತ್ತಿಗೆ ನಮಗೇ ಸಿಕ್ತು ಅಂದ್ರು. ಪಾರ್ಕಿಗೆ ಹೋಗಿ ಅಳತೆ ಹಾಕಿದ್ದು ಆಳಂತೆ, ಆಫೀಸಲ್ಲಿ ಮಾತಾಡಿದ್ದು ಇವರಂತೆ. ಬೇರೆಯವರಿಗೆ ಆಗದ ರೇಟು ತನಗೆ ಹೇಗೆ ಆಯ್ತು ಅಂತ ಎದೆಯುಬ್ಬಿಸಿ ಹೇಳಿದ್ರು: ಗುಡಿಸೋ ಹೆಂಗಸರೇ ಬೇಡ, ಎಲ್ಲ ನನ್ನ ಮಷಿನ್ ಮಾಡುತ್ತೆ, ಅವರ ಸಂಬಳ ನಿಮಗೆ ಉಳೀತು ಅಂತ ಪಾರ್ಕಿನ ಸಾಹೇಬರನ್ನ ಒಪ್ಪಿಸಿದ್ರಂತೆ.

ಅಕ್ಕ ಪೊಟ್ಟಣದ ದಾರ ಬಿಚ್ತಾ ಇದ್ದೋಳು ಹಾಗೇ ನಿಂತ್ಲು. ಒಳ್ಳೇದಾಯ್ತು ಅಂದ್ಲು. ಒಂದು ತುಂಡು ತೆಗೆದು ಭಾವನ ಕೈಗೆ ಕೊಟ್ಟು, ನೀರು ತರ್ತೀನಿ ಅಂತ ಒಳಗೆ ಹೋದೋಳು ಬರಲೇ ಇಲ್ಲ.

ನನಗೆ ತಡೆಯೋಕಾಗಲಿಲ್ಲ. ಎಳ್ಳು ಸಾಯಲಿ. "ಭಾವ, ನೀವು ಬೇಡ ಅಂದ ಆರು ಜನ ಹೆಂಗಸರಲ್ಲಿ ನನ್ನ ಅಕ್ಕನೂ ಒಬ್ಬಳು" ಅಂದೆ. ಪಾರ್ಕಿನ ಕೆಲಸ, ಅದಕ್ಕೆ ಮುಂಚೆ ಗೋಡೆ ನೋಡ್ಕೊಂಡು ಕೂತಿದ್ದು, ಎಲ್ಲ ಕಕ್ಕಿದೆ. ಭಾವ ಕೇಳ್ತಾ ಕೇಳ್ತಾ ಹೊಸ್ತಿಲ ಮೇಲೇ ಕೂತುಬಿಟ್ರು. ಅವಳಿಗೆ ಸುಖವಾಗಿರಲಿ ಅಂತ ತಾನೇ ನಾನು ಇದನ್ನೆಲ್ಲ ಮಾಡಿದ್ದು, ಅಂತ ಒಂದೇ ಮಾತನ್ನ ತಿರುಗಿಸಿ ತಿರುಗಿಸಿ ಹೇಳ್ತಿದ್ರು. ಬೈಬೇಕು ಅಂತಿದ್ದೋಳಿಗೆ ಬೈಗುಳ ಬಾಯಿಗೆ ಬರಲಿಲ್ಲ.

ಮಾರನೇ ದಿನವೇ ಸಾಹೇಬರ ಹತ್ರ ಓಡಿದ್ರು, ಹೆಂಗಸರು ಇರಲಿ ಸಾರ್ ಅಂತ ಕೇಳ್ಕೊಳ್ಳೋಕೆ. ಹೆಂಗಸರು ಬೇಡ ಅಂದೋರು ನೀವೇ ಅಲ್ವೇನ್ರೀ ಅಂತ ಸಾಹೇಬರು ನಕ್ಕರಂತೆ. ಸ್ವಂತ ದುಡ್ಡಲ್ಲಿ ಅವರನ್ನ ಇಟ್ಕೊಳ್ಳೋಣ ಅಂದ್ರೆ ಇದ್ದಬದ್ದ ಲಾಭವೆಲ್ಲ ಹೊಸ ಮಷಿನ್ನಿಗೆ ಸುರಿದಾಗಿತ್ತು. ತಿಂಗಳ ಕೊನೇಲಿ ಪಾರ್ಕಿನವರು ಹೆಂಗಸರಿಗೆ ಬರಬೇಡಿ ಅಂದ್ರು. ಹಾಡ್ತಿದ್ದೋಳು ಗೇಟಿನ ಹತ್ರ ಅಕ್ಕನ ಕೈ ಹಿಡ್ಕೊಂಡು, ಇದು ನಿನ್ನ ಗಂಡನ ಮಷಿನ್ನಂತೆ, ಹೌದಾ ಅಂತ ಕೇಳಿದ್ಲಂತೆ. ಅಕ್ಕ ಏನು ಹೇಳಿದ್ಲೋ ನಾನು ಕೇಳಲಿಲ್ಲ.

ಪಾರ್ಕಲ್ಲಿ ಹೊಸ ಕೆಲಸ ಶುರುವಾಗೋ ದಿನ ಭಾವ ಆಳಿಗೆ ರಜಾ ಕೊಟ್ಟು, ನೀನು ಬಾ ಅಂತ ಅಕ್ಕನನ್ನ ಗಾಡಿ ಹತ್ತಿಸಿದ್ರು. ಅಂಗಡಿ ಬಾಗಿಲು ಹಾಕ್ಕೊಂಡು ನಾನೂ ಹಿಂದಿನಿಂದ ಹೋದೆ, ಏನು ನಡೆಯುತ್ತೋ ಅನ್ನೋ ಕುತೂಹಲ. ಭಾವ ಮಷಿನ್ ಮೇಲೆ ಕೂತು ದೊಡ್ಡ ಮರದ ಸುತ್ತ ಒಂದು ಸುತ್ತು ಹಾಕಿದ್ರು. ಹಿಂದೆ ಹುಲ್ಲೆಲ್ಲ ಗೀಟು ಎಳೆದ ಹಾಗೆ ನೆಲದ ಮೇಲೇ ಬಿದ್ದಿತ್ತು. ಚೀಲವನ್ನ ಗಾಡೀಲೇ ಬಿಟ್ಟು ಬಂದಿದ್ರು. ಇಂಜಿನ್ ಆರಿಸಿ, ಕಿವಿ ಮುಚ್ಚಳ ತೆಗೆದು, ಅಕ್ಕನ ಕಡೆ ನೋಡಿದ್ರು. ಅಕ್ಕ ಗಾಡೀಲಿದ್ದ ಹಳೇ ರೇಕು ತಗೊಂಡು ಬಂದು ಹುಲ್ಲನ್ನೆಲ್ಲ ಗುಡ್ಡೆ ಮಾಡಿದ್ಲು. ಒಂದು ಕಡ್ಡೀನೂ ಬಿಡಲಿಲ್ಲ. ಭಾವ ಆಸೆಯಿಂದ ಹತ್ರ ಬಂದು ನಿಂತ್ರು.

"ಚೀಲ ಮರೆತ್ರಾ, ಬೇಕಂತ ಬಿಟ್ರಾ?" ಅಂತ ಕೇಳಿದ್ಲು ಅಕ್ಕ.

ಸುಳ್ಳು ಹೇಳಿ ಅಭ್ಯಾಸ ಇಲ್ಲ ಆ ಮನುಷ್ಯನಿಗೆ. ಬೇಕಂತಲೇ ಅಂದ್ರು.

"ಹಾಗೆ ಮಾಡ್ಬೇಡಿ. ನನಗೋಸ್ಕರ ಚೆಲ್ಲಿದ್ದನ್ನ ಎತ್ತೋಕೆ ನಾನೇನು ಮಗುನಾ?"

ಇನ್ನೇನು ಮಾಡಲಿ ನೀನೇ ಹೇಳು, ಅಂದ್ರು ಭಾವ. ಅಕ್ಕ ರೇಕಿನ ಹಲ್ಲಿಗೆ ಸಿಕ್ಕಿದ್ದ ಹುಲ್ಲು ಬಿಡಿಸಿದ್ಲು. ಆ ಮೊದಲನೇ ಪೆಟ್ರೋಲ್ ಮಷಿನ್ ತಂದ ದಿನ ಕೇಳಿದ್ರೆ ಹೇಳ್ತಿದ್ದೆ ಅಂದ್ಲು. ನನಗೂ ಓಡಿಸೋಕೆ ಕಲಿಸಿ ಅಂತಿದ್ಲಂತೆ. ಎರಡನೇದಕ್ಕೆ ಆಳನ್ನ ಹುಡುಕಿದ್ರಲ್ಲ, ಪಕ್ಕದಲ್ಲೇ ನಿಂತಿದ್ದೋಳು ನಿಮಗೆ ಕಾಣಿಸಲೇ ಇಲ್ವಲ್ಲ ಅಂದ್ಲು. ಕೋಪ ಇರಲಿಲ್ಲ ಮಾತಲ್ಲಿ. ಕೋಪ ಇದ್ದಿದ್ರೆ ಭಾವ ತಡ್ಕೋತಿದ್ರು.

ಅವರಿಗೆ ಅದು ಹೊಳೆದೇ ಇರಲಿಲ್ಲ. ಅಕ್ಕನ ಕೈಗೆ ಮಷಿನ್ ಕೊಡಬಹುದು ಅಂತ ಇಷ್ಟು ವರ್ಷದಲ್ಲಿ ಒಂದು ದಿನ ಕೂಡ ಹೊಳೆದಿರಲಿಲ್ಲ, ಅದು ಅವರ ಮುಖದಲ್ಲೇ ಕಾಣ್ತಿತ್ತು. ಗಡಬಡಿಸಿ ಮಷಿನ್ ಹತ್ರ ಹೋಗಿ, ಸೀಟಿನ ಮೇಲಿದ್ದ ಧೂಳನ್ನ ತೋಳಿಂದ ಒರೆಸಿ, ಬೀಗದ ಕೈ ಅಕ್ಕನ ಮುಂದೆ ಹಿಡಿದ್ರು. ಬಾ, ಈಗಲೇ ಕೂತ್ಕೋ, ಕಲಿಸ್ತೀನಿ ಅಂದ್ರು. ನಾನು ಮರದ ಹಿಂದೆ ನಿಂತು, ಕೂತ್ಕೊಳ್ಳೇ ಅಕ್ಕ, ಕೂತ್ಕೊಳ್ಳೇ ಅಂತ ಮನಸ್ಸಲ್ಲೇ ಬೇಡ್ಕೋತಿದ್ದೆ.

ಅಕ್ಕ ಆ ಸೀಟನ್ನ ನೋಡಿದ್ಲು. ಆಸೆ ಇಲ್ಲದೆ ನೋಡಿದ್ಲು ಅಂದ್ರೆ ನಾನು ನಂಬಲ್ಲ.

"ಐದು ಜನರನ್ನ ಮನೆಗೆ ಕಳಿಸಿದ ಮಷಿನ್ ಇದು. ಇದರ ಮೇಲೆ ನಾನು ಹೇಗ್ರೀ ಕೂತ್ಕೊಳ್ಳಲಿ?"

ರೇಕನ್ನ ಗಾಡಿಗೆ ಹಾಕಿ, ಗೇಟು ದಾಟಿ, ನಡ್ಕೊಂಡೇ ಮನೆ ಕಡೆ ಹೊರಟ್ಲು. ಭಾವ ತುಂಬಾ ಹೊತ್ತು ಬೀಗದ ಕೈ ಹಿಡ್ಕೊಂಡು ಹಾಗೇ ನಿಂತಿದ್ರು. ಆಮೇಲೆ ಚೀಲ ತಂದು ಸಿಕ್ಕಿಸಿ, ಉಳಿದ ಪಾರ್ಕನ್ನ ಒಬ್ಬರೇ ಮುಗಿಸಿದ್ರು.