ಹಳೆಯ ಯಂತ್ರದ ಪರವಾಗಿ ಒಂದು ಸಾಕ್ಷಿ

ಶನಿವಾರ, ಬೆಳಕು ಹರಿಯುವ ಹೊತ್ತು. ಅಂಧರ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಕಿಟಕಿಯ ಕೆಳಗೆ ಹಲಗೆಯ ಪೆಟ್ಟಿಗೆ. ಸದ್ದು ಹೊರಗೆ ಹೋಗದಿರಲೆಂದು ಒಳಗೋಡೆಗೆಲ್ಲ ಹಳೆಯ ರಜಾಯಿಯ ತುಂಡುಗಳನ್ನು ಮೊಳೆ ಹೊಡೆದು ಹಚ್ಚಿದ್ದಾರೆ. ಒಳಗಿರುವುದು ಬ್ರೈಲ್ ಮುದ್ರಣ ಯಂತ್ರ, ದಪ್ಪ ಕಾಗದದ ಮೇಲೆ ಚುಕ್ಕಿಗಳನ್ನು ಉಬ್ಬಿಸುವಂಥದ್ದು. ರಜಾಯಿಗೂ ಅದು ಬಗ್ಗುವುದಿಲ್ಲ. ಶುರುವಾದರೆ ಸಾಕು, ಮಹಡಿಯ ಮೇಲಿನ ಮನೆಯವರು ‘ಕುಟ್ಟೋದಕ್ಕೆ ಶುರು’ ಎಂದು ಎದ್ದು ಹಾಲು ಕಾಯಿಸಲು ಇಡುತ್ತಾರೆ.

ಪಕ್ಕದ ಮೇಜಿನ ಕಂಪ್ಯೂಟರಿನ ಮುಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದಾರೆ. ಕುರ್ಚಿ ಇದೆ, ಕೂತಿಲ್ಲ. ಇಲ್ಲಿಗೆ ಬರುವವರೆಲ್ಲ ಇವರನ್ನು ಚುಕ್ಕಿಯಮ್ಮ ಎನ್ನುತ್ತಾರೆ. ಗೋಡೆಗೆ ಒರಗಿ ಕೂತಿರುವ ಹಿರಿಯರು ಅಚ್ಚಾದ ಪುಟಗಳ ತಪ್ಪು ಹಿಡಿಯುವವರು. ಹುಟ್ಟಿನಿಂದಲೇ ಕಣ್ಣು ಕಾಣದು. ಎಲ್ಲರ ಬಾಯಲ್ಲೂ ಅವರು ಬೆರಳು ಮಾವ. ಎರಡೂ ಕೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾರೆ. ಮರಗಟ್ಟಿದ ಬೆರಳು ಸುಳ್ಳು ಓದುತ್ತದೆ ಎನ್ನುವುದು ಅವರ ಮಾತು.

“ನಿಂತಿದ್ದೀಯಾ ಇಲ್ವೇನಮ್ಮಾ?”

“ನಿಂತಿದ್ದೀನಿ ಮಾವ.”

“ಕದಲಬೇಡ. ಹೋದ ಸಲ ಕಾಗದ ತರೋಕೆ ಅಂತ ಹೋದೆ, ಕುತ್ತಿಗೆಗೆ ಬಂತು.”

“ಗೊತ್ತು ಮಾವ. ದಿನಾ ಹೇಳ್ತೀರಿ.”

“ದಿನಾ ಹೇಳಿದ್ರೇ ದಿನಾ ನಿಲ್ತೀಯ.”

ನಾಳೆ ಭಾನುವಾರದೊಳಗೆ ಈ ಯಂತ್ರ ಹೊಸ ಕರ್ನಲ್ ಮೇಲೆ ತಪ್ಪಿಲ್ಲದೆ ಅಚ್ಚು ಹಾಕುತ್ತದೆ ಎಂದು ಚುಕ್ಕಿಯಮ್ಮ ತೋರಿಸಬೇಕು. ತೋರಿಸಲಾಗದಿದ್ದರೆ, ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಮಾತು ನಡೆಸುವ ಪುಟ್ಟ ಪ್ರೋಗ್ರಾಮನ್ನು ಕರ್ನಲ್‌ನಿಂದಲೇ ಕಿತ್ತುಹಾಕುತ್ತಾರೆ. ಆಮೇಲೆ ಈ ಪೆಟ್ಟಿಗೆಯೊಳಗಿರುವುದು ಬರೀ ಕಬ್ಬಿಣ.

ಕಂಪ್ಯೂಟರಿನಲ್ಲಿ ನಮ್ಮ ಕಣ್ಣಿಗೆ ಬೀಳುವುದೆಲ್ಲ ಅಂಗಳ. ಒಳಗೆ ಕೂತು, ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ, ಯಾವ ಯಂತ್ರದೊಡನೆ ಯಾವ ಭಾಷೆ ಎಂದು ತೂಗಿಸಿಕೊಂಡು ಹೋಗುವುದು ಕರ್ನಲ್. ಕೂಡು ಕುಟುಂಬದ ಹಿರಿಯ ಸೊಸೆಯ ಹಾಗೆ, ಮನೆ ಸುಸೂತ್ರವಾಗಿ ನಡೆದಷ್ಟು ದಿನ ಅದರ ನೆನಪು ಯಾರಿಗೂ ಆಗುವುದಿಲ್ಲ. ಇಲ್ಲಿರುವುದು ಮುಕ್ತ ಕರ್ನಲ್. ಅದರ ಬರಹ ಲೋಕಕ್ಕೆಲ್ಲ ತೆರೆದಿಟ್ಟದ್ದು. ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ತಿದ್ದಿದ್ದನ್ನು ಸೇರಿಸಬೇಕೋ ಬೇಡವೋ ಎನ್ನುವವರು ಆಯಾ ಭಾಗದ ಉಸ್ತುವಾರಿಗಳು. ಒಂದೊಂದು ಬಗೆಯ ಯಂತ್ರಕ್ಕೂ ಅದರೊಳಗೆ ಒಂದೊಂದು ತುಣುಕು ಇರುತ್ತದೆ, ಅದರ ಹೆಸರು ಡ್ರೈವರ್.

ಈ ಹೆಸರಿನಿಂದ ಮನೆಯಲ್ಲಿ ಸಾಕಷ್ಟು ನಗೆಯಾಗಿದೆ. ಚುಕ್ಕಿಯಮ್ಮನ ಯಜಮಾನರು ಓಡಿಸುವುದು ಸಿಟಿ ಬಸ್ಸು. ಅತ್ತೆ ಪಕ್ಕದ ಮನೆಯಾಕೆಗೆ, “ನಮ್ಮ ಸೊಸೆ ಈಗ ಡ್ರೈವರ್ ಸರಿಮಾಡೋದು ಕಲೀತಿದ್ದಾಳೆ” ಎಂದರಂತೆ. “ಈಗಲಾದರೂ ಕಲಿತಳಲ್ಲ, ಇಪ್ಪತ್ತೈದು ವರ್ಷದಿಂದ ಅವನು ಹಾಗೇ ಇದ್ದಾನೆ” ಎಂದು ಉತ್ತರ ಬಂದಿದೆ.

ಚುಕ್ಕಿಯಮ್ಮ ಈ ಗ್ರಂಥಾಲಯಕ್ಕೆ ಟೈಪಿಸ್ಟ್ ಆಗಿ ಬಂದು ಹದಿನೆಂಟು ವರ್ಷ. ಶಾಲೆಯ ಪಠ್ಯ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಔಷಧದ ಡಬ್ಬಿಗೆ ಅಂಟಿಸುವ ಚೀಟಿ, ಎಲ್ಲವೂ ಇವರ ಕೈಯಿಂದ ಚುಕ್ಕಿಗಳಾಗಿ ಹೋಗಿವೆ. ದಿನಕ್ಕೆ ಮುನ್ನೂರು ಪುಟ, ಕಾಗದ ಸಿಕ್ಕಿಕೊಳ್ಳದಿದ್ದರೆ. ಅಚ್ಚಾದದ್ದನ್ನು ಹೊಲಿದು ರಟ್ಟು ಹಾಕುವುದೂ ಇವರದೇ ಕೆಲಸ. ಯಂತ್ರ ಇವರಿಗಿಂತ ಮೊದಲೇ ಇಲ್ಲಿಗೆ ಬಂದಿತ್ತು. ತಯಾರಿಸಿದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಹೊಸದನ್ನು ಕೊಳ್ಳುವ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ, ಚಹಾ ಬಂದ ಕೂಡಲೇ ಹೋಗುತ್ತದೆ.

ಹೋದ ವರ್ಷ ಕಂಪ್ಯೂಟರಿಗೆ ಹೊಸ ವ್ಯವಸ್ಥೆ ಹಾಕಿದ ದಿನ ಯಂತ್ರ ಮೂಕವಾಯಿತು. ಕರ್ನಲ್‌ನ ಒಳಗೆ ಕೆಲಸದ ರೀತಿಗಳು ಬದಲಾಗಿದ್ದವು, ಈ ಹಳೆಯ ಡ್ರೈವರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಚುಕ್ಕಿಯಮ್ಮ ಹಳೆಯ ಕರ್ನಲನ್ನೂ ಪಕ್ಕದಲ್ಲೇ ಉಳಿಸಿಕೊಂಡು, ಕಂಪ್ಯೂಟರ್ ಪ್ರತಿ ಸಲ ಅದರಲ್ಲೇ ಏಳುವಂತೆ ಮಾಡಿಕೊಂಡು ಕೆಲಸ ಸಾಗಿಸಿದರು. ಆದರೆ ಹಳೆಯದಕ್ಕೆ ಸುರಕ್ಷತೆಯ ರಿಪೇರಿಗಳು ನಿಲ್ಲುವ ಕಾಲ ಬಂದಿತ್ತು. ಅಂಥ ಕಂಪ್ಯೂಟರುಗಳನ್ನು ವರ್ಷದ ಕೊನೆಗೆ ಜಾಲದಿಂದ ತೆಗೆಯುತ್ತೇವೆ ಎಂದು ಮೇಲಿನ ಕಚೇರಿ ತಿಳಿಸಿತು. ಚುಕ್ಕಿಯಮ್ಮ ಕರ್ನಲ್ ಬರೆಯುವವರ ಇಮೇಲ್ ಅಂಚೆಗುಂಪಿಗೆ ನಾಲ್ಕು ಸಾಲಿನ ಪತ್ರ ಹಾಕಿದರು. ಬೇರೆ ದೇಶದಲ್ಲಿರುವ ಉಸ್ತುವಾರಿಯಿಂದ ಮರುದಿನವೇ ಉತ್ತರ ಬಂತು. ಬಳಸುವವರು ಯಾರೂ ಉಳಿದಿಲ್ಲ ಎಂದುಕೊಂಡು ಮುಂದಿನ ಆವೃತ್ತಿಯಲ್ಲಿ ಇದನ್ನು ತೆಗೆಯುವವರಿದ್ದೆವು. ನಮ್ಮಲ್ಲಿ ಯಾರ ಹತ್ತಿರವೂ ಈ ಯಂತ್ರವಿಲ್ಲ. ನಿಮ್ಮಲ್ಲಿದ್ದರೆ ನೀವೇ ಸರಿಪಡಿಸಿ, ಯಂತ್ರದ ಮೇಲೆ ಪರೀಕ್ಷಿಸಿ ಕಳಿಸಿ.

“ಆಗಲ್ಲ ಅಂದಿದ್ರೆ ಎರಡು ದಿನ ಅತ್ತು ಸುಮ್ಮನಾಗ್ತಿದ್ದೆ” ಎನ್ನುತ್ತಾರೆ ಚುಕ್ಕಿಯಮ್ಮ. “ನೀವೇ ಮಾಡಿ ಅಂದ್ಬಿಟ್ರು. ಆಗ ಎಲ್ಲಿಗೆ ಹೋಗೋದು?”

ಅವರು ಹೋದದ್ದು ಕಪಾಟಿನ ಹತ್ತಿರಕ್ಕೆ. ಕರ್ನಲ್ ಬರೆದಿರುವ ‘ಸಿ’ ಎಂಬ ಕಂಪ್ಯೂಟರ್ ಭಾಷೆಯ ಪಠ್ಯಪುಸ್ತಕವೊಂದನ್ನು ಹಿಂದೊಮ್ಮೆ ಕಾಲೇಜು ವಿದ್ಯಾರ್ಥಿನಿಯೊಬ್ಬಳಿಗಾಗಿ ಇವರೇ ಅಚ್ಚು ಹಾಕಿಕೊಟ್ಟಿದ್ದರು. “ಆಗ ಒಂದಕ್ಷರ ಅರ್ಥ ಆಗಿರಲಿಲ್ಲ. ಬ್ರಾಕೆಟ್ ಬಿಟ್ಟುಹೋದ್ರೆ ಮಾವ ಬೈತಿದ್ರು, ಅದಕ್ಕೆ ಹಾಕ್ತಿದ್ದೆ. ಈಗ ಓದಿದಾಗ ಗೊತ್ತಾಯ್ತು, ಬ್ರಾಕೆಟ್ ಬಿಟ್ರೆ ಕಂಪ್ಯೂಟರೂ ಬೈಯುತ್ತೆ.”

ಮೊದಲು ಕಳಿಸಿದ ತಿದ್ದುಪಡಿ ಡ್ರೈವರಿನ ಟಿಪ್ಪಣಿಯಲ್ಲಿದ್ದ ಒಂದು ಕಾಗುಣಿತದ ತಪ್ಪು. ಹೊಸಬರು ಹೀಗೆಯೇ ಬಾಗಿಲಿನಿಂದ ಶುರುಮಾಡಬೇಕೆಂದು ಅಲ್ಲಿನವರೇ ಹೇಳುತ್ತಾರೆ. ಅದೂ ವಾಪಸು ಬಂತು. ಪತ್ರದಲ್ಲಿ ಬಣ್ಣ, ದಪ್ಪಕ್ಷರ ಇರಕೂಡದು, ಬರೀ ಅಕ್ಷರ ಸಾಕು. ಸರಿಮಾಡಿ ಕಳಿಸಿದರು, ಮತ್ತೆ ವಾಪಸು. ಏನು ಬದಲಿಸಿದಿರಿ ಎಂಬುದು ಕಾಣುತ್ತಿದೆ, ಯಾಕೆ ಬದಲಿಸಿದಿರಿ ಎಂದು ಬರೆಯಿರಿ. “ನಮ್ಮತ್ತೆ ಥರಾನೇ. ಉಪ್ಪು ಹಾಕಿದ್ದು ನಾಲಿಗೆಗೇ ಗೊತ್ತಾಗುತ್ತೆ ಕಣೇ, ಇಷ್ಟು ಯಾಕೆ ಹಾಕಿದೆ ಹೇಳು ಅಂತಾರೆ.” ಮೂರನೆಯ ಸಲ ಅದು ಒಳಗೆ ಸೇರಿತು.

ಆಮೇಲೆ ನಿಜವಾದ ಕೆಲಸ. ತಿದ್ದಿದ ಬರಹದಿಂದ ಓಡುವ ಕರ್ನಲ್ ಒಮ್ಮೆ ಕಟ್ಟಿ ಮುಗಿಯಲು ಈ ಕಂಪ್ಯೂಟರಿಗೆ ಅರ್ಧ ದಿನ ಬೇಕು. ಅದನ್ನು ಒಲೆಯ ಮೇಲಿಟ್ಟ ಹಾಗೆ ಇಟ್ಟು, ಚುಕ್ಕಿಯಮ್ಮ ಪುಸ್ತಕ ಹೊಲಿಯುತ್ತಾರೆ. ಮಧ್ಯಾಹ್ನ ಬಂದು ನೋಡಿದರೆ ಎಲ್ಲೋ ಒಂದು ತಪ್ಪಿಗೆ ನಿಂತುಹೋಗಿರುತ್ತದೆ. ಹೀಗೆ ತಿಂಗಳುಗಳು ಕಳೆದು, ಡ್ರೈವರನ್ನು ಹೊಸ ರೀತಿಗೆ ಒಗ್ಗಿಸಿ, ಕಡೆಗೊಂದು ಬೆಳಗ್ಗೆ ಹೊಸ ಕರ್ನಲ್ ಹಾಕಿ, ಕಂಪ್ಯೂಟರನ್ನು ಆರಿಸಿ ಹೊತ್ತಿಸಿ, ಅದು ಏಳುವಷ್ಟರಲ್ಲಿ ನೆಲಮಾಳಿಗೆಯಿಂದ ಕಾಗದದ ಕಟ್ಟು ತಂದರು. ಅಚ್ಚು ಹಾಕಿದರು. ಪುಟಗಳು ಮುತ್ತಿನ ಹಾಗೆ ಬಂದವು.

ಈ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಬದಲಾವಣೆಯ ಕೆಳಗೆ ಬರೆದವರ ಹೆಸರು, ಅದರ ಕೆಳಗೆ ‘ಪರೀಕ್ಷಿಸಿದವರು’ ಎಂದು ಇನ್ನೊಂದು ಸಾಲು. ಆ ಸಾಲಿಗೆ ಮುದ್ರೆಯಿಲ್ಲ, ಹೋಗಿ ನೋಡುವ ಅಧಿಕಾರಿಯಿಲ್ಲ. ಹೇಳಿದವರ ಮಾತೇ ಆಧಾರ. ದೇವರ ಮುಂದೆ ಹಚ್ಚಿದ ದೀಪಕ್ಕೆ ರಸೀದಿ ಇರುವುದಿಲ್ಲವಲ್ಲ, ಹಾಗೆ. ಚುಕ್ಕಿಯಮ್ಮ ಎರಡೂ ಸಾಲುಗಳನ್ನು ಬರೆದರು. ಯಂತ್ರವಿದ್ದವರು ಬೇರೆ ಯಾರೂ ಇರಲಿಲ್ಲ. ಉಸ್ತುವಾರಿ ಬದಲಾವಣೆಯನ್ನು ಸ್ವೀಕರಿಸಿದರು. ಡ್ರೈವರ್ ಉಳಿಯಿತು ಎಂದು ಮನೆಯಲ್ಲಿ ಎಲ್ಲರೂ ಸಿಹಿ ತಿಂದರು. ಇನ್ನೇಕೆ ಬೇಕೆಂದು ಚುಕ್ಕಿಯಮ್ಮ ಹಳೆಯ ಕರ್ನಲನ್ನು ತೆಗೆದುಹಾಕಿದರು.

ಮರುದಿನ ವಿಜ್ಞಾನದ ಪಠ್ಯ ಅಚ್ಚಾಗುತ್ತಿತ್ತು. ಬೆರಳು ಮಾವ ಪುಟ ಕೈಗೆತ್ತಿಕೊಂಡು, ಮೊದಲ ಸಾಲಿನಲ್ಲೇ ನಿಂತರು.

“ಏನಮ್ಮಾ ಇದು, ‘ಈರು ನೂರು ಡಿಗ್ರಿಯಲ್ಲಿ ಕುದಿಯುತ್ತದೆ’? ತಲೇಲಿರೋ ಈರನ್ನ ಯಾಕಮ್ಮ ಕುದಿಸ್ತಾರೆ?”

“ನೀರು ಮಾವ, ನೀರು.”

“ನೀರು ಅಂತ ನೀನು ಹೇಳ್ತೀಯ. ಕಾಗದ ಹೇಳ್ತಿಲ್ಲ.” ಅವರು ಮುಂದಿನ ಪುಟದ ಮೇಲೆ ಬೆರಳಾಡಿಸಿದರು. “ಇಲ್ಲಿ ‘ಗಾಳಿ’ ಹೋಗಿ ‘ಆಳಿ’ ಆಗಿದೆ. ಪುಟದ ಮೊದಲನೇ ಅಕ್ಷರ ನುಂಗ್ತಾ ಇದೆ ನಿನ್ನ ಯಂತ್ರ.”

ಬ್ರೈಲ್‌ನಲ್ಲಿ ವ್ಯಂಜನಕ್ಕೂ ಅದರ ಸ್ವರಕ್ಕೂ ಬೇರೆ ಬೇರೆ ಚುಕ್ಕಿಗುಂಪು, ಮೊದಲನೆಯದು ಬಿದ್ದುಹೋದರೆ ‘ನೀ’ಯಲ್ಲಿ ‘ಈ’ ಮಾತ್ರ ಉಳಿಯುತ್ತದೆ. ಚುಕ್ಕಿಯಮ್ಮ ಕಂಪ್ಯೂಟರ್ ತಾನೇ ಬರೆದಿಡುವ ದಿನಚರಿ ತೆರೆದು ನೋಡಿದರು. ಪರೀಕ್ಷೆಯ ದಿನ ಎದ್ದಿದ್ದದ್ದು ಹಳೆಯ ಕರ್ನಲ್. ಪ್ರತಿ ಸಲ ಅದರಲ್ಲೇ ಏಳು ಎಂದು ಹೇಳಿಟ್ಟವರು ಇವರೇ. ಹೊಸದನ್ನು ಆರಿಸಬೇಕಿದ್ದ ಆ ಕೆಲವು ಕ್ಷಣಗಳಲ್ಲಿ ಇವರು ನೆಲಮಾಳಿಗೆಯ ಮೆಟ್ಟಿಲ ಮೇಲಿದ್ದರು. ಮುತ್ತಿನಂಥ ಪುಟಗಳು ಹಳೆಯದರ ಕೃಪೆ. ತಮ್ಮ ಹೊಸ ಡ್ರೈವರನ್ನು ಅವರು ಪರೀಕ್ಷಿಸಿಯೇ ಇರಲಿಲ್ಲ.

ಆ ಸಂಜೆ ಊಟದ ಮೇಜಿನ ಸುತ್ತ ನಡೆದ ಮಾತನ್ನು ಮೂವರೂ ಒಂದೇ ರೀತಿ ಹೇಳುತ್ತಾರೆ.

“ಸದ್ದಿಲ್ಲದೆ ಇನ್ನೊಂದು ತಿದ್ದುಪಡಿ ಕಳ್ಸಿಬಿಡು” ಎಂದರು ಯಜಮಾನರು. “ಮೊದಲನೇದರ ಸುದ್ದಿ ಎತ್ತಲೇಬೇಡ. ಅವರೇನು ಇಲ್ಲಿಗೆ ಬಂದು ನೋಡ್ತಾರಾ?”

“ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂಗೆ” ಎಂದರು ಅತ್ತೆ.

“ನೀನು ಸುಮ್ಮನಿರಮ್ಮ. ಇವಳು ಬಾಯಿಬಿಟ್ರೆ ಅವರು ವಾಪಸು ತಗೋತಾರೆ. ಟೈಮೂ ಇಲ್ಲ. ಯಂತ್ರ ಹೋಯ್ತು ಅಂತ್ಲೇ ಲೆಕ್ಕ.”

ಚುಕ್ಕಿಯಮ್ಮ ತಟ್ಟೆ ಎತ್ತುತ್ತ ಹೇಳಿದ್ದು ಇಷ್ಟು: “ನಾನು ಬರೆದದ್ದು ಎಲ್ಲ ಕಡೆ ಹೋಗುತ್ತೆ ರೀ. ಎಲ್ಲೋ ಒಂದು ಊರಲ್ಲಿ ಇಂಥದ್ದೇ ಯಂತ್ರ ಇದೆ ಅಂದ್ಕೊಳ್ಳಿ. ಅಲ್ಲೂ ಮೊದಲನೇ ಅಕ್ಷರ ಹೋಗುತ್ತೆ. ಅಲ್ಲಿ ಬೆರಳು ಮಾವ ಇರ್ತಾರಾ?”

ಪತ್ರ ಎಲ್ಲರೂ ಓದುವ ಅಂಚೆಗುಂಪಿಗೇ ಹೋಯಿತು. ಪರೀಕ್ಷಿಸಿದೆ ಎಂದು ಬರೆದಿದ್ದೆ, ಪರೀಕ್ಷಿಸಿರಲಿಲ್ಲ. ಓಡುತ್ತಿದ್ದದ್ದು ಹಳೆಯ ಕರ್ನಲ್. ನನ್ನ ಬದಲಾವಣೆಯಲ್ಲಿ ತಪ್ಪಿದೆ, ದಯವಿಟ್ಟು ತೆಗೆಯಿರಿ. ಉತ್ತರದಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ತೆಗೆದಿದ್ದೇನೆ. ಭಾನುವಾರ ಈ ಬಾರಿಯ ಗಡುವು. ಅಷ್ಟರಲ್ಲಿ ಸರಿಯಾದದ್ದು ಬಂದರೆ ಸೇರಿಸುವೆ, ಬಾರದಿದ್ದರೆ ಡ್ರೈವರ್ ಹೋಗುತ್ತದೆ.

ತಪ್ಪು ಸಿಕ್ಕಿದ್ದು ಗುರುವಾರ. ಹೊಸ ಕಾಗದ ಎಳೆದುಕೊಂಡ ಮೇಲೆ ಯಂತ್ರ ‘ಸಿದ್ಧ’ ಎನ್ನುವವರೆಗೆ ಕಾಯುವ ಒಂದು ಸಾಲು ಹಳೆಯ ಡ್ರೈವರಿನಲ್ಲಿತ್ತು. ದಂಡಕ್ಕೆ ಇದೆ ಎಂದು ಚುಕ್ಕಿಯಮ್ಮ ಅದನ್ನು ಅಳಿಸಿದ್ದರು. “ಕಸದ ಜೊತೆ ಸೂಜಿ ಗುಡಿಸಿ ಎಸೆದಂಗೆ” ಎನ್ನುತ್ತಾರೆ. ಆ ಸಾಲು ಹೊಸ ರೂಪದಲ್ಲಿ ಮರಳಿತು. ಕಟ್ಟಿ ಮುಗಿಯುವಾಗ ಶುಕ್ರವಾರ ಸಂಜೆ.

ಅದಕ್ಕೇ ಈ ಶನಿವಾರ ಅವರು ಕೂರುತ್ತಿಲ್ಲ. ಪರದೆಯ ಮೇಲೆ ಎರಡು ಕರ್ನಲ್‌ಗಳ ಹೆಸರು ಮೂಡುತ್ತವೆ, ಅಕ್ಷರ ನುಂಗುವುದು ಒಂದು, ನಿನ್ನೆ ಕಟ್ಟಿದ್ದು ಇನ್ನೊಂದು. ಚುಕ್ಕಿಯಮ್ಮ ಬಾಣದ ಗುಂಡಿ ಒತ್ತಿ ಹೊಸದನ್ನು ಆರಿಸುತ್ತಾರೆ.

“ಯಾವುದು ಎದ್ದಿದೆ, ಓದು” ಎನ್ನುತ್ತಾರೆ ಮಾವ. ಚುಕ್ಕಿಯಮ್ಮ ಆವೃತ್ತಿಯ ಅಂಕಿಗಳನ್ನು ಓದುತ್ತಾರೆ. “ಇನ್ನೊಂದ್ಸಲ.” ಓದುತ್ತಾರೆ. “ಹಿಂದಿನಿಂದ ಓದು.”

“ಮಾವ!”

“ಸರಿ, ಬಿಡು. ಕುಟ್ಟು.”

ಯಂತ್ರ ಕುಟ್ಟುತ್ತದೆ. ಮೇಲೆ ಯಾರೋ ನಡೆದಾಡಿದ ಸದ್ದು. ಒಂದೊಂದೇ ಪುಟ ಮಾವನ ತೊಡೆಗೆ ಬರುತ್ತದೆ. ಎಡಗೈ ಬೆರಳು ಸಾಲಿನ ತಲೆ ಹಿಡಿದುಕೊಂಡರೆ ಬಲಗೈ ಬೆರಳು ಓಡುತ್ತದೆ, ತುಟಿ ಅಲುಗುವುದಿಲ್ಲ. ಏಳನೆಯ ಪುಟದಲ್ಲಿ ಬೆರಳು ನಿಲ್ಲುತ್ತದೆ, ಹಿಂದೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ಚುಕ್ಕಿಯಮ್ಮ ಸೆರಗಿನ ತುದಿ ಹಿಡಿದಿದ್ದಾರೆ.

“ಒಂದು ಚುಕ್ಕಿ ಮೆತ್ತಗಿದೆ. ಕಾಗದ ಮಡಚಿಕೊಂಡಿತ್ತೋ ಏನೋ. ಈ ಪುಟ ಮತ್ತೆ ಹಾಕು.”

ಮತ್ತೆ ಹಾಕಿದಾಗ ಅದೂ ಗಟ್ಟಿಯಾಗಿ ಬರುತ್ತದೆ. ನಲವತ್ತು ಪುಟ ಮುಗಿಯುವ ಹೊತ್ತಿಗೆ ಬೀದಿಯಲ್ಲಿ ಬಸ್ಸುಗಳು ಓಡಾಡುತ್ತಿವೆ. ಮಾವ ಪುಟಗಳನ್ನು ತಟ್ಟಿ ಜೋಡಿಸಿ, “ನನಗೇನೂ ಸಿಗಲಿಲ್ಲ” ಎನ್ನುತ್ತಾರೆ. ಅವರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಈ ಕೋಣೆ ಕೇಳಿಲ್ಲ. ಚುಕ್ಕಿಯಮ್ಮ ಪತ್ರ ಬರೆಯುತ್ತಾರೆ. ‘ಪರೀಕ್ಷಿಸಿದವರು’ ಎಂಬ ಸಾಲು ಈ ಸಲ ಎರಡಿದೆ. ಎರಡನೆಯದರಲ್ಲಿ ಮಾವನ ಹೆಸರು.

ಭಾನುವಾರ ಮಧ್ಯಾಹ್ನ ಉತ್ತರ ಬರುತ್ತದೆ. ಬದಲಾವಣೆ ಸೇರಿದೆ, ಡ್ರೈವರ್ ಉಳಿದಿದೆ. ಜೊತೆಗೊಂದು ಪ್ರಶ್ನೆ. ಯಾವ ತುಣುಕನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಕಡತದಲ್ಲಿ ಈ ಡ್ರೈವರಿನ ಮುಂದೆ ಇಷ್ಟು ವರ್ಷ ‘ಅನಾಥ’ ಎಂದು ಬರೆದಿತ್ತು. ಆ ಜಾಗದಲ್ಲಿ ನಿಮ್ಮ ಹೆಸರು ಹಾಕಬಹುದೇ? ಚುಕ್ಕಿಯಮ್ಮ ಒಂದು ರಾತ್ರಿ ಯೋಚಿಸಿ, ಹಾಕಿ ಎಂದಿದ್ದಾರೆ. ಇದಕ್ಕೆ ಸಂಬಳವಿಲ್ಲ. ಕರ್ನಲ್ ಬದಲಾದಾಗಲೆಲ್ಲ ನಿಂತು ನೋಡುವ ಕೆಲಸ ಮಾತ್ರ ಇದೆ.

ಇನ್ನೇನು ಆಸೆ ಎಂದು ಕೇಳಿದರೆ, ಹೊಲಿಯುತ್ತಿರುವ ಪುಸ್ತಕದಿಂದ ಕಣ್ಣೆತ್ತದೆ ಹೇಳುತ್ತಾರೆ:

“ಈ ಯಂತ್ರಾನೂ ಒಂದಿನ ನಿಲ್ಲುತ್ತೆ, ನನಗೆ ಗೊತ್ತು. ಆವತ್ತು ‘ಇನ್ನು ಈ ಡ್ರೈವರನ್ನ ತೆಗೀಬಹುದು’ ಅಂತ ಬರೆಯೋ ಪತ್ರ ನನ್ನದೇ ಆಗಿರಬೇಕು. ಅದನ್ನೂ ಪರೀಕ್ಷೆ ಮಾಡೇ ಬರೀತೀನಿ.”